ಏಣೆಲು ಕೊಯ್ದ ಮಜಲು ಗದ್ದೆಗೆ ರಾಗಿ: ಕಾಳೂ ಬೇಕು, ದನಕ್ಕೆ ಹುಲ್ಲೂ ಬೇಕು

ಮಜಲುಮನೆ
ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಬದಿಯಲ್ಲಿ 50 ಸೆಂಟ್ಸ್ (ಅರ್ಧ ಎಕರೆ) ಮಜಲು ಗದ್ದೆ ಉಂಟು, ಎತ್ತರದ ಬೆಟ್ಟಿಗೂ ತಗ್ಗಿನ ಬೈಲಿಗೂ ನಡುವಿನದ್ದು. ಏಣೆಲಿಗೆ (ಮಳೆಗಾಲದ ಬೆಳೆಗೆ) ಎಂಒ-4 ಭತ್ತ, ಅಕ್ಟೋಬರ್ 20ರ ಹೊತ್ತಿಗೆ ಕೊಯ್ಲು ಮುಗೀತದೆ. ಆಮೇಲಿನ ಸುಗ್ಗಿ ಭತ್ತಕ್ಕೆ (ಎರಡನೇ ಬೆಳೆಗೆ) ನೀರು ಸಾಲುವುದಿಲ್ಲ. ತೋಡಿಗೆ ಕಟ್ಟ ಹಾಕಿದರೆ ಜನವರಿ ಕೊನೆಯವರೆಗೆ ನೀರು, ಆಮೇಲೆ ಬಾವಿ, ಅದೂ ಮಾರ್ಚ್ ಮೊದಲ ವಾರದವರೆಗೆ ಮಾತ್ರ. ಹಟ್ಟಿಯಲ್ಲಿ ಮೂರು ದನ. ಕಟಾವು ಮೆಷಿನ್ ಬಂದ ಮೇಲೆ ಬೈಹುಲ್ಲು (ಭತ್ತದ ಹುಲ್ಲು) ಅರ್ಧ ಕೆಸರಿಗೇ ಹೋಗ್ತದೆ, ಉಳಿದದ್ದನ್ನು ಘಟ್ಟದ ಮೇಲಿನಿಂದ ತರಿಸಬೇಕು. ಹಾಗಾಗಿ ರಾಗಿ ಹಾಕುವ ಆಲೋಚನೆ. ಯಾವ ತಳಿ, ಬಿತ್ತುವುದೋ ನೆಡುವುದೋ, ಗೊಬ್ಬರ ಎಷ್ಟು, ಹುಲ್ಲು ಎಷ್ಟು ದಿನಕ್ಕೆ ಬಂದೀತು? ಗೊತ್ತಿದ್ದವರು ಲೆಕ್ಕ ಸಮೇತ ಹೇಳಿ.

ತೋಡಿನಬದಿ
ನಿಮ್ಮ ನೀರಿನ ಲೆಕ್ಕಕ್ಕೆ ರಾಗಿ ಸರಿಯಾಗಿ ಕೂತುಕೊಳ್ತದೆ. ಆದರೆ ಮೊದಲು ತಾರೀಕು ಬರೆದಿಟ್ಟುಕೊಳ್ಳಿ, ಗೊಬ್ಬರ ಆಮೇಲೆ.

ಜಿಪಿಯು-28 ಬೀಜ ಹಾಕಿದ ದಿನದಿಂದ 110–115 ದಿನದ ತಳಿ. ನವೆಂಬರ್ 1ಕ್ಕೆ ನೇಜಿ (ನೆಡುವ ಸಸಿ) ಹಾಕಿದರೆ 22–24ಕ್ಕೆ ನೆಡಬಹುದು, ಫೆಬ್ರವರಿ 20ರ ಆಚೀಚೆ ಕೊಯ್ಲು. ತೆನೆ ಹೊರಡುವುದು ಜನವರಿಯ ಒಣ ಹವೆಯಲ್ಲಿ, ಹುಲ್ಲು ಒಣಗುವುದು ಮಾರ್ಚ್ ಬಿಸಿಲಿನಲ್ಲಿ. ಇನ್ನೂ ಒಂದು ವಾರ ಉಳಿಸಬೇಕಾದರೆ ಎಂಎಲ್-365 ಉಂಟು, 105–110 ದಿನ, ಹುಲ್ಲೂ ಚೆನ್ನಾಗಿ ಬರ್ತದೆ. ಎರಡಕ್ಕೂ ಬೆಂಕಿ ರೋಗ (ಎಲೆ, ತೆನೆಗೆ ಬರುವ ಶಿಲೀಂಧ್ರ ರೋಗ) ತಡೆಯುವ ಗುಣ ಉಂಟು. ಎಂಆರ್-6ರಂಥ 120–130 ದಿನದ ತಳಿ ನಿಮಗೆ ಬೇಡ, ಕಾಳು ತುಂಬುವ ಹೊತ್ತಿಗೆ ಬಾವಿ ಬರಿದಾಗ್ತದೆ.

ಮಳೆಗಾಲದಲ್ಲೇ ಹಾಕಬಾರದಾ ಎಂದು ಕೆಲವರು ಕೇಳ್ತಾರೆ. ಜೂನ್‌ನಲ್ಲಿ ನೆಟ್ಟರೆ ನಮ್ಮ ಮಳೆಗೆ ಎರಡು ಪೆಟ್ಟು: ಹಾಕಿದ ಸಾರಜನಕ, ಪೊಟ್ಯಾಷ್ ಎಲ್ಲ ತೊಳೆದು ತೋಡಿಗೆ, ಮತ್ತೆ ಮಳೆಗಾಲದ ತೇವದಲ್ಲೇ ತೆನೆ ಹೊರಟು ಕುತ್ತಿಗೆಗೇ ಬೆಂಕಿ ರೋಗ. ಬೆಟ್ಟು ಜಾಗದಲ್ಲಿ ಹಾಕುವುದೇ ಆದರೆ ಆಟಿ ಕಳೆದು, ಆಗಸ್ಟ್ ಮಧ್ಯದ ನಂತರ ನೆಡಬೇಕು.

ಗುಳಿರಾಗಿ
ಗುಳಿ ಪದ್ಧತಿಯಲ್ಲಿ ಹಾಕಿ ಮಾರಾಯ್ರೆ. ಒಂದೂವರೆ ಅಡಿಗೊಂದು ಗುಳಿ, 12–15 ದಿನದ ಎರಡೆರಡು ನೇಜಿ, ಬುಡಕ್ಕೆ ಒಂದು ಹಿಡಿ ಹಟ್ಟಿಗೊಬ್ಬರ. ಎಕರೆಗೆ ಅರ್ಧ ಕಿಲೋ ಬೀಜವೂ ಬೇಡ. 15ನೇ ದಿನದಿಂದ ವಾರಕ್ಕೊಮ್ಮೆ ಮೇಲಿಂದ ಕೊರಡು (ಮರದ ದಿಮ್ಮಿ) ಎಳೆದರೆ ಸುಳಿ ಬಗ್ಗಿ ಬುಡದಿಂದ ಮರಿ ಒಡೀತದೆ. ಹಾವೇರಿ ಕಡೆ ಹಳೇ ಪದ್ಧತಿ ಅದು.

ತೋಡಿನಬದಿ
ಪದ್ಧತಿ ಒಳ್ಳೆಯದೇ, ನಿಮ್ಮ ಮಾತು ತಪ್ಪಲ್ಲ. ಆದರೆ ಅದು ಮುಂಗಾರಿಗೆ, ಉದ್ದ ಹಗಲಿಗೆ ಹೊಂದಿದ್ದು. ರಾಗಿ ಗಿಡ್ಡ ಹಗಲು ಕಂಡ ಕೂಡಲೆ ತೆನೆಗೆ ಹೋಗುವ ಬೆಳೆ. ನವೆಂಬರ್‌ನಲ್ಲಿ ನೆಟ್ಟದ್ದಕ್ಕೆ ಮರಿ ಒಡೆಯಲು ಸಿಗುವ ದಿನಗಳೇ ಕಮ್ಮಿ. ಒಂದೂವರೆ ಅಡಿ ಅಂತರ ಬಿಟ್ಟರೆ ಗಿಡ ಆ ಜಾಗ ತುಂಬುವುದಿಲ್ಲ, ಮಧ್ಯೆ ಕಳೆ ತುಂಬ್ತದೆ. ಅಲ್ಲದೆ ಭತ್ತ ಕೊಯ್ದ ಗದ್ದೆಯ ಮಣ್ಣು ಹೆಂಟೆ ಹೆಂಟೆ, ಕೊರಡು ಎಳೆದರೆ ಸಸಿ ಬಗ್ಗುವ ಬದಲು ಹೆಂಟೆಗೆ ಸಿಕ್ಕಿ ತುಂಡಾಗ್ತದೆ.

ಈ ಹಂಗಾಮಿಗೆ ಸಾಲಿಂದ ಸಾಲಿಗೆ 22.5 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂದರೆ ಒಂಬತ್ತು ಇಂಚು, ನಾಲ್ಕು ಇಂಚು. ಗುಣಿಗೆ ಎರಡು ಸಸಿ. ಹುಲ್ಲೂ ಬೇಕಾದ ಕಾರಣ ಒತ್ತಾಗಿಯೇ ಇರಲಿ, ಕಾಂಡ ಸಪೂರ ಬರ್ತದೆ, ದನ ಬಿಡದೆ ತಿನ್ತದೆ.

ಗುಳಿರಾಗಿ
ಹಗಲಿನ ಲೆಕ್ಕ ಒಪ್ಪಿದೆ. ಹಾಗಾದರೆ ಬೆಟ್ಟಿನಲ್ಲಿ ಆಗಸ್ಟ್‌ಗೆ ನೆಡುವವರು ಒಂದು ಅಡಿ ಅಂತರದಲ್ಲಿ ನೋಡಬಹುದು.

ಹಟ್ಟಿಗೊಬ್ಬರ
ನೇಜಿ ಮಡಿ ಬಗ್ಗೆ ನಾನು ಹೇಳ್ತೇನೆ, ಅರ್ಧ ಬೆಳೆ ಅಲ್ಲೇ ನಿರ್ಧಾರ ಆಗ್ತದೆ.

50 ಸೆಂಟ್ಸ್‌ಗೆ 1 ಕಿಲೋ ಬೀಜ, 2 ಸೆಂಟ್ಸ್ ಮಡಿ. ಮಡಿ ನಾಲ್ಕು ಅಡಿ ಅಗಲ, ಅರ್ಧ ಅಡಿ ಎತ್ತರ, ಸುತ್ತ ಒಂದು ಅಡಿ ಕಾಲುವೆ. ಅಕ್ಟೋಬರ್ ಕೊನೆಯಲ್ಲಿ ಸಂಜೆ ಗುಡುಗು ಮಳೆ ಇನ್ನೂ ಬರ್ತದೆ, ಸಪಾಟು ಮಡಿಯಾದರೆ ಒಂದೇ ಮಳೆಗೆ ಬೀಜ ಎಲ್ಲ ಒಂದು ಮೂಲೆಗೆ. ಪುಡಿ ಮಾಡಿದ ಹಟ್ಟಿಗೊಬ್ಬರ ಸೇರಿಸಿ, ಮೂರು ಇಂಚಿಗೊಂದು ಗೆರೆ ಎಳೆದು ಬೀಜ ಉದುರಿಸಿ, ಮೇಲೆ ಜರಡಿ ಹಿಡಿದ ಮಣ್ಣು ಅರ್ಧ ಇಂಚು. ಅದಕ್ಕಿಂತ ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ. ಸಾವಿರ ಕಾಳಿಗೆ ಮೂರು ಗ್ರಾಂ ತೂಗುವುದೂ ಕಷ್ಟ, ಅಷ್ಟು ಸಣ್ಣ ಬೀಜದಲ್ಲಿ ಮಣ್ಣು ಒಡೆಯುವ ಬಲ ಎಷ್ಟಿದ್ದೀತು?

ಬೀಜಕ್ಕೆ ಸ್ಯೂಡೋಮೊನಾಸ್ ಪುಡಿ ಕಿಲೋಗೆ 10 ಗ್ರಾಂ ಹಚ್ಚಿ, ನೆರಳಲ್ಲಿ ಅರ್ಧ ಗಂಟೆ ಆರಿಸಿ. ಇಲ್ಲವೇ ಕಾರ್ಬೆಂಡೆಜಿಮ್ ಕಿಲೋಗೆ 2 ಗ್ರಾಂ. ಎರಡನ್ನೂ ಒಟ್ಟಿಗೆ ಹಚ್ಚಬೇಡಿ. ಮೊದಲನೆಯದು ಜೀವಾಣು, ಎರಡನೆಯದು ರಾಸಾಯನಿಕ; ಒಂದರ ಕೆಲಸ ಇನ್ನೊಂದು ಕೆಡಿಸಬಾರದು.

ಮಡಿ ಮೇಲೆ ಬಲೆ ಹಾಕಲೇಬೇಕು. ನವಿಲು ಬಂದರೆ ಒಂದೇ ಬೆಳಿಗ್ಗೆ ಸಾಕು. ನೇರ ಬಿತ್ತನೆ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ: 2 ಸೆಂಟ್ಸ್‌ಗೆ ಬಲೆ ಹೊದೆಸಬಹುದು, 50 ಸೆಂಟ್ಸ್‌ಗೆ ಆಗುವುದಿಲ್ಲ.

ಇನ್ನೊಂದು ಸೂಕ್ಷ್ಮ. ಹನ್ನೆರಡು ದಿನಕ್ಕೆ ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬುಡ ನೋಡಿ. ರಾಗಿಯಂತೆಯೇ ಕಾಣುವ ಕಾಡುರಾಗಿ ಸೇರಿರ್ತದೆ. ಎಲೆ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಬುಡ ಬೆರಳಲ್ಲಿ ಒತ್ತಿದರೆ ಕಾಡುರಾಗಿಯದ್ದು ಚಪ್ಪಟೆ, ಬೆಳ್ಳಗೆ ಮಿಂಚುವ ಹಾಗೆ; ಮಡಿಯಿಂದ ಮೇಲೆ ನೆಟ್ಟಗೆ ಏಳದೆ ನೆಲಕ್ಕೆ ಹರಡಿ ಕೂತಿರ್ತದೆ. ಈಗಲೇ ಕೀಳದಿದ್ದರೆ ನಿಮ್ಮ ಕೈಯಾರೆ ಅದನ್ನೇ ಸಾಲಿನಲ್ಲಿ ನೆಟ್ಟ ಹಾಗೆ.

21ರಿಂದ 25 ದಿನದೊಳಗೆ ನೆಟ್ಟು ಮುಗಿಸಿ. ಭತ್ತದ ನೇಜಿ ಹಾಗೆ ತಿಂಗಳು ದಾಟಿಸಿದರೆ ನೆಟ್ಟ ಎರಡು ವಾರಕ್ಕೆ ಗೇಣುದ್ದದ ಗಿಡದಲ್ಲಿ ತೆನೆ ಬರ್ತದೆ. ಆಮೇಲೆ ಯೂರಿಯಾ ಎಷ್ಟು ಹಾಕಿದರೂ ಗಿಡ ಬೆಳೆಯುವುದಿಲ್ಲ.

ಮಜಲುಮನೆ
ಭತ್ತದ ಹಾಗೆ ಉತ್ತು ಕೆಸರು ಮಾಡಿ ನೆಡಬಹುದಾ? ಕೆಲಸದವರಿಗೆ ಅದೇ ಅಭ್ಯಾಸ.

ತೋಡಿನಬದಿ
ಮಾಡಬೇಡಿ, ಇದೊಂದು ಗಟ್ಟಿಯಾಗಿ ಹೇಳ್ತೇನೆ. ಕರಾವಳಿಯಲ್ಲಿ ರಾಗಿ ಕೆಟ್ಟರೆ ಹತ್ತರಲ್ಲಿ ಎಂಟು ಸಲ ನೀರು ಕಡಿಮೆಯಾಗಿ ಅಲ್ಲ, ನಿಂತು ಕೆಡುವುದು. ರಾಗಿ ಬರ ತಡೀತದೆ, ಬುಡದಲ್ಲಿ ನಿಂತ ನೀರು ತಡೆಯುವುದಿಲ್ಲ. ಕೆಳಗಿನ ಎಲೆ ಹಳದಿ, ಬೇರು ಕಂದು, ಎಳೆದರೆ ಗಿಡ ಕೈಗೇ ಬರ್ತದೆ. ಜನ ಅದನ್ನು ಗೊಬ್ಬರದ ಕೊರತೆ ಅಂದುಕೊಂಡು ಮತ್ತೆ ಯೂರಿಯಾ ಎರಚಿ, ಮತ್ತೆ ನೀರು ಬಿಡ್ತಾರೆ. ಕೆಡುವುದಕ್ಕೆ ಇನ್ನೇನು ಬೇಕು.

ಮಜಲು ಗದ್ದೆಯಲ್ಲಿ ನವೆಂಬರ್ ಮಧ್ಯದವರೆಗೂ ಮೇಲಿನ ಬೆಟ್ಟಿನಿಂದ ಒಸರು ಇಳೀತಾ ಇರ್ತದೆ. ಹಾಗಾಗಿ ಕೊಯ್ಲಾದ ಮರುದಿನವೇ ಬೆಟ್ಟಿನ ಬದಿಯ ಹುಣಿಗೆ (ಬದುವಿಗೆ) ತಾಗಿ ಒಂದೂವರೆ ಅಡಿ ಆಳದ ಕಾಲುವೆ ತೋಡಿ ಒಸರನ್ನು ತೋಡಿಗೆ ತಿರುಗಿಸಿ. ಗದ್ದೆಯೊಳಗೆ ಎಂಟು ಹತ್ತು ಅಡಿಗೊಂದು ಅಡಿ ಆಳದ ಕಾಲುವೆ. ಮಣ್ಣು ಕೈಯಲ್ಲಿ ಉಂಡೆ ಕಟ್ಟಿ ಬಿಟ್ಟರೆ ಒಡೆಯುವ ಹದಕ್ಕೆ ಬಂದ ಮೇಲೆ ಟಿಲ್ಲರ್‌ನಲ್ಲಿ ಎರಡು ಸಲ ಒಣ ಉಳುಮೆ, ಹೆಂಟೆ ಒಡೆದು ಸಪಾಟು. ಹಸಿ ಇದ್ದಾಗಲೇ ಉತ್ತರೆ ಮುರ (ಜಂಬಿಟ್ಟಿಗೆ) ಮಣ್ಣು ಒಣಗಿ ಇಟ್ಟಿಗೆ ತುಂಡಾಗ್ತದೆ.

ಭತ್ತದ ಕೂಳೆ ಗದ್ದೆಯಲ್ಲೇ ಬಿಡಬೇಡಿ. ಗುಲಾಬಿ ಬಣ್ಣದ ಕಾಂಡ ಕೊರಕ ಭತ್ತಕ್ಕೂ ಬರ್ತದೆ, ರಾಗಿಗೂ ಬರ್ತದೆ, ಕೂಳೆಯೊಳಗೆ ಕೂತಿರ್ತದೆ. ಜನವರಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ತೆನೆ ಕಂಡರೆ ಅದರದ್ದೇ ಕೆಲಸ.

ಪಡುತೋಟ
ಗೊಬ್ಬರದ ಲೆಕ್ಕ ನಾನು ಹಾಕಿ ಕೊಡ್ತೇನೆ.

ನೀರಾವರಿ ರಾಗಿಗೆ ಹೆಕ್ಟೇರಿಗೆ 100:50:50 ಕಿಲೋ ಸಾರಜನಕ, ರಂಜಕ, ಪೊಟ್ಯಾಷ್ ಎಂಬುದು ಶಿಫಾರಸು. 50 ಸೆಂಟ್ಸ್‌ಗೆ ಇಳಿಸಿದರೆ 20:10:10. ಹಟ್ಟಿಗೊಬ್ಬರ 2 ಟನ್. ಇದಲ್ಲದೆ ಸೂಪರ್ ಫಾಸ್ಫೇಟ್ 62 ಕಿಲೋ, ಮ್ಯುರಿಯೇಟ್ ಆಫ್ ಪೊಟ್ಯಾಷ್ 17 ಕಿಲೋ, ಯೂರಿಯಾ ಒಟ್ಟು 44 ಕಿಲೋ. ಸೂಪರ್ ಮತ್ತು ಪೊಟ್ಯಾಷ್ ಪೂರ್ತಿ ನೆಡುವ ಹೊತ್ತಿಗೆ, ಯೂರಿಯಾ ಅರ್ಧ ಆಗ, ಅರ್ಧ ನೆಟ್ಟು 25–30 ದಿನಕ್ಕೆ ಕಳೆ ತೆಗೆದು ಮಣ್ಣು ಹಸಿ ಇದ್ದಾಗ. ಸತುವಿನ ಸಲ್ಫೇಟ್ 2.5 ಕಿಲೋ ಮರಳಲ್ಲಿ ಬೆರೆಸಿ ಬೇರೆಯಾಗಿ ಎರಚಿ, ಸೂಪರ್ ಜೊತೆ ಬೆರೆಸಿದರೆ ಸತುವು ಕಟ್ಟಿಹೋಗ್ತದೆ.

ಇದರಲ್ಲಿ ಯೂರಿಯಾ ನಾನಾದರೆ ಕಾಲು ಭಾಗ ಕಡಿಮೆ ಮಾಡಿಯೇ ಹಾಕುವವ. ನಮ್ಮಲ್ಲಿ ಡಿಸೆಂಬರ್, ಜನವರಿ ಬೆಳಿಗ್ಗೆ ಇಬ್ಬನಿ ಎಂಟು ಗಂಟೆಯವರೆಗೆ ಎಲೆ ಮೇಲೆ ಇರ್ತದೆ. ಸೊಕ್ಕಿದ ಹಸುರು ಎಲೆ, ಮೇಲೆ ಇಬ್ಬನಿ: ಬೆಂಕಿ ರೋಗಕ್ಕೆ ಬೇರೆ ಕರೆಯೋಲೆ ಬೇಡ.

ಸುಣ್ಣದ ವಿಷಯ. ನಮ್ಮ ಮುರ ಮಣ್ಣು ಹುಳಿ. ಮಣ್ಣು ಪರೀಕ್ಷೆ ಚೀಟಿಯಲ್ಲಿ ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿದ್ದರೆ ಸುಣ್ಣ ಹಾಕದೆ ರಂಜಕ ಹಾಕುವುದು ದುಡ್ಡು ಮಣ್ಣಿಗೆ ಹಾಕಿದಂತೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ತವೆ. ಚಿಪ್ಪು ಸುಣ್ಣ ಸಿಕ್ಕಿದರೆ ಒಳ್ಳೆಯದು. ಎಷ್ಟು ಎಂಬುದು ಚೀಟಿ ಹೇಳಬೇಕು. ಗೊಬ್ಬರಕ್ಕಿಂತ ಎರಡು ಮೂರು ವಾರ ಮೊದಲು ಹಾಕಿ ಉಳಬೇಕು. ಹಟ್ಟಿಗೊಬ್ಬರ, ಯೂರಿಯಾ ಜೊತೆ ಸುಣ್ಣ ಕಲಸಿದರೆ ಮೂಗಿಗೆ ಘಾಟು ಬರ್ತದಲ್ಲ, ನಿಮ್ಮ ಸಾರಜನಕವೇ ಹಾಗೆ ಹಾರಿಹೋಗುವುದು.

ಮಜಲುಮನೆ
ಸುಡುಮಣ್ಣು (ಕಸಕಡ್ಡಿಯೊಟ್ಟಿಗೆ ಸುಟ್ಟ ಮಣ್ಣು) ಉಂಟು ಸುಮಾರು. ಅದನ್ನು ಹಾಕಿದರೆ ಪೊಟ್ಯಾಷ್ ಬಿಡಬಹುದಾ?

ಪಡುತೋಟ
ಪೊಟ್ಯಾಷ್ ಸ್ವಲ್ಪ ಕಡಿಮೆ ಮಾಡಬಹುದು, ಪೂರ್ತಿ ಬಿಡಬೇಡಿ. ಸುಡುಮಣ್ಣಲ್ಲಿ ಬೂದಿಯ ಪೊಟ್ಯಾಷ್ ಉಂಟು, ಸಾರಜನಕ ಸುಟ್ಟುಹೋಗಿದೆ. ನೇಜಿ ಮಡಿಗೆ ಅದು ಚಿನ್ನ, ಮಣ್ಣು ಹಗುರ ಆಗ್ತದೆ, ಕಳೆ ಬೀಜ ಇರುವುದಿಲ್ಲ. ಅಲ್ಲಿಗೇ ಬಳಸಿ.

ತೋಡಿನಬದಿ
ನೀರು: ನೆಟ್ಟ ದಿನ ಒಮ್ಮೆ, ಮೂರನೇ ದಿನ ಒಮ್ಮೆ. ಆಮೇಲೆ ವಾರ ಹತ್ತು ದಿನ ಕೊಡಬೇಡಿ, ಬೇರು ಕೆಳಗೆ ಇಳೀಲಿ. ಮಧ್ಯಾಹ್ನ ಎಲೆ ಸ್ವಲ್ಪ ಸುರುಳಿ ಸುತ್ತಿ ಸಂಜೆ ಬಿಚ್ಚಿಕೊಂಡರೆ ಹೆದರಬೇಡಿ. ಬೆಳಿಗ್ಗೆಯೂ ಸುರುಳಿ ಇದ್ದರೆ ಮಾತ್ರ ನೀರು ಬಿಡಿ. ಆ ದಿನಗಳು ಕಳೆದ ಮೇಲೆ ಮರಳು ಮಿಶ್ರ ಮಣ್ಣಾದರೆ ಆರೇಳು ದಿನಕ್ಕೊಮ್ಮೆ, ಜೇಡಿಯಾದರೆ ಹತ್ತು ಹನ್ನೆರಡು ದಿನಕ್ಕೊಮ್ಮೆ. ಒಟ್ಟು ಎಂಟು ಹತ್ತು ಸಲ ಆಗ್ತದೆ. ತಪ್ಪಿಸಬಾರದ ಮೂರು ಹೊತ್ತು: ಮರಿ ಒಡೆಯುವಾಗ, ತೆನೆ ಹೊರಡುವಾಗ, ಕಾಳು ಹಾಲು ತುಂಬುವಾಗ. ಕೊಯ್ಲಿಗೆ ಹತ್ತು ಹನ್ನೆರಡು ದಿನ ಮೊದಲು ನೀರು ನಿಲ್ಲಿಸಿ.

ಕಿಂಡಿ ಅಣೆಕಟ್ಟಿನ ಮೇಲ್ಬದಿಯವರಿಗೆ ಹಲಗೆ ಹಾಕುವ ದಿನದ ಮೇಲೆ ಎಲ್ಲ ನಿಂತಿದೆ. ಹಲಗೆ ಹಾಕಿದ ವಾರದಲ್ಲಿ ಬದಿಯ ಗದ್ದೆಗಳಲ್ಲಿ ಅಂತರ್ಜಲ ಮೇಲೆ ಬರ್ತದೆ. ಅಲ್ಲಿ ಒಳಗಾಲುವೆ ಇನ್ನೂ ಅರ್ಧ ಅಡಿ ಆಳ ಬೇಕು.

ಹಟ್ಟಿಗೊಬ್ಬರ
ಬೆಂಕಿ ರೋಗ ಗುರುತಿಸುವುದು: ಎಲೆ ಮೇಲೆ ಕಣ್ಣಿನ ಆಕಾರದ ಮಚ್ಚೆ, ನಡುವೆ ಬೂದು, ಅಂಚು ಕಂದು. ಎಲೆಗೆ ಮಾತ್ರ ಬಂದರೆ ಗಿಡ ಸುಧಾರಿಸ್ತದೆ. ತೆನೆಯ ಕೆಳಗಿನ ಕುತ್ತಿಗೆ ಎರಡು ಇಂಚು ಕಪ್ಪಾದರೆ ಮೇಲಿನ ಕಾಳು ಜೊಳ್ಳು. ಅದಕ್ಕೆ ತೆನೆ ಹೊರಡುವ ಮೊದಲೇ ನೋಡಬೇಕು. ಎಲೆಯಲ್ಲಿ ಮಚ್ಚೆ ಹೆಚ್ಚುತ್ತಾ ಇದ್ದರೆ ಟ್ರೈಸೈಕ್ಲಜೋಲ್ ಲೀಟರಿಗೆ 0.6 ಗ್ರಾಂ ಒಂದು ಸಲ ಹೊಡೀತಾರೆ. ಹುಲ್ಲು ದನಕ್ಕೆ ಹಾಕುವವರು ಡಬ್ಬಿಯ ಮೇಲೆ ಬರೆದ ಕಾಯುವ ದಿನ ನೋಡದೆ ಹೊಡೆಯಬೇಡಿ, ಮತ್ತೆ ಹುಣಿಯ ಹುಲ್ಲನ್ನೂ ಆ ದಿನಗಳಲ್ಲಿ ಕೊಯ್ಯಬೇಡಿ. ಅದನ್ನು ಮರೆಯುವವರೇ ಹೆಚ್ಚು.

ಹಕ್ಕಿ: ಊರಲ್ಲಿ ಹಸುರು ಗದ್ದೆ ನಿಮ್ಮದು ಒಂದೇ ಆದರೆ ಗಿಳಿ, ರಾಟವಾಳ, ನವಿಲು, ಹಂದಿ ಎಲ್ಲ ನಿಮ್ಮಲ್ಲಿಗೇ. ಸುತ್ತಲಿನ ಮೂರು ನಾಲ್ಕು ಮನೆಯವರು ಒಂದೇ ವಾರದಲ್ಲಿ ನೆಟ್ಟರೆ ನಷ್ಟ ಹಂಚಿಹೋಗ್ತದೆ, ಕಾಯುವ ಕೆಲಸವೂ ಹಂಚಿಕೊಳ್ಳಬಹುದು. ಮಿನುಗು ಟೇಪು ಹಾಲುಗಾಳಿನ ಹಂತಕ್ಕೆ ಕಟ್ಟಿ, ಮೊದಲೇ ಕಟ್ಟಿದರೆ ಹಕ್ಕಿಗೆ ರೂಢಿಯಾಗ್ತದೆ.

ಒಲೆಬದಿ
ಇಲ್ಲಿ ಯಾರೂ ಹೇಳದ ಮಾತು: ರಾಗಿಯೇ ಯಾಕೆ? ನವಣೆ, ಸಾಮೆ, ಕೊರಲೆ ಇವಕ್ಕೆಲ್ಲ ಕಾಳಿನ ಮೇಲೆ ಗಟ್ಟಿ ಸಿಪ್ಪೆ, ಅದನ್ನು ಬಿಡಿಸಲು ಬೇರೆ ಯಂತ್ರ ಬೇಕು. ಭತ್ತದ ಮಿಲ್ಲಲ್ಲಿ ಹಾಕಿದರೆ ಪುಡಿಯಾಗಿ ತೌಡಿನೊಟ್ಟಿಗೆ ಹೋಗ್ತದೆ. ರಾಗಿ ಬಡಿದರೆ ಕಾಳು ಬೆತ್ತಲೆಯಾಗಿಯೇ ಬೀಳ್ತದೆ, ತೂರಿ ತೊಳೆದು ನೇರ ಹಿಟ್ಟಿನ ಗಿರಣಿಗೆ. ಉಡುಪಿ, ಮಂಗಳೂರಲ್ಲಿ ಇದು ದೊಡ್ಡ ಅನುಕೂಲ.

ಪಡುತೋಟ
ಆ ಮಾತು ಸರಿ ಅಕ್ಕ. ಆದರೆ ಬರೀ ಮೇವಿಗಾದರೆ ಕೊರಲೆ ಬಿಡಬೇಡಿ. ತುಮಕೂರು, ಚಿತ್ರದುರ್ಗದ ಬದಿ ಹುಣಸೆ, ಮಾವಿನ ಮರದಡಿ ಬೆಳೀತಾರೆ, ನೆರಳು ತಡೆಯುವ ಧಾನ್ಯ. ನಮ್ಮಲ್ಲಿ ತೆಂಗಿನ ಮರ ಎತ್ತರ ಹೋದ ತೋಟದಲ್ಲಿ ಬಿಸಿಲು ಚುಕ್ಕಿ ಚುಕ್ಕಿ ಬೀಳುವಲ್ಲಿ ಆಗ್ತದೆ, ಅಡಿಕೆ ತೋಟದ ಕತ್ತಲೆಯಲ್ಲಿ ಆಗುವುದಿಲ್ಲ. ಆಗಸ್ಟ್ ಕೊನೆಗೆ ಎಕರೆಗೆ 4–5 ಕಿಲೋ ಬೀಜ. 45–50 ದಿನಕ್ಕೆ ಹಸಿ ಮೇವಿಗೆ ಕೊಯ್ಯಬಹುದು, ಕಾಳಿಗಾದರೆ 75–90 ದಿನ. ತೆಂಗಿನ ಬುಡದಿಂದ ಆರು ಅಡಿ ಬಿಟ್ಟು ಹಾಕಿ. ಹಸಿ ಜೋಳದಲ್ಲಿ ಎಳೆ ಗಿಡದ ವಿಷದ ಹೆದರಿಕೆ ಇರ್ತದಲ್ಲ, ಕೊರಲೆಯಲ್ಲಿ ಅದು ಇಲ್ಲ.

ಮಜಲುಮನೆ
ಈಗ ಕೊಯ್ಲು ಮತ್ತು ಹುಲ್ಲು. ಅದೇ ನನಗೆ ಮುಖ್ಯ.

ಹಟ್ಟಿಗೊಬ್ಬರ
ಸರಿ, ಇಲ್ಲಿ ನಿಧಾನವಾಗಿ ಓದಿ.

ರಾಗಿ ತೆನೆ ಒಟ್ಟಿಗೆ ಬಲಿಯುವುದಿಲ್ಲ. ತಾಯಿ ಗಿಡದ್ದು ಮೊದಲು, ಮರಿಯದ್ದು ವಾರ ಹತ್ತು ದಿನ ತಡ. ತೆನೆ ಕಂದಾಗಿ, ಅಂಗೈಯಲ್ಲಿ ಉಜ್ಜಿದರೆ ಕಾಳು ಬಿಡಿಬಿಡಿ ಬಂದು, ಹಲ್ಲಲ್ಲಿ ಕಚ್ಚಿದರೆ ಕಟ್ ಎಂದರೆ ಹದ. ಆಗ ತೆನೆ ಮಾತ್ರ ಕತ್ತಿಯಲ್ಲಿ ಕೊಯ್ದುಕೊಳ್ಳಿ, ಎರಡನೇ ಸಲ ಮರಿ ತೆನೆ. ಅದಾದ ದಿನವೇ ಹುಲ್ಲನ್ನು ನೆಲದಿಂದ ಎರಡು ಇಂಚು ಬಿಟ್ಟು ಕೊಯ್ಯಿರಿ. ಕಾಂಡ ಇನ್ನೂ ಅರೆ ಹಸುರು ಇರ್ತದೆ, ಮೇವಿನ ಗುಣ ಇರುವುದು ಅದರಲ್ಲೇ. ಪೂರ್ತಿ ಬೆಳ್ಳಗಾಗಲಿ ಎಂದು ಕಾದರೆ ಎಲೆ ಉದುರಿ ಕಡ್ಡಿ ಮಾತ್ರ ಉಳೀತದೆ, ದನ ಮೂಸಿ ಬಿಡ್ತದೆ.

ತೆನೆ ರಾಶಿ ಹಾಕಿ ಮೂರು ನಾಲ್ಕು ದಿನ ಬಿಡುವ ಕ್ರಮ ಘಟ್ಟದ ಮೇಲಿನದ್ದು. ನಮ್ಮ ತೇವದ ಗಾಳಿಗೆ ಒಂದು ರಾತ್ರಿ ಸಾಕು. ರಾಶಿಯೊಳಗೆ ಕೈ ತೂರಿಸಿ ನೋಡಿ, ಬಿಸಿ ಹತ್ತಿದರೆ ಕೂಡಲೆ ಹರಡಿ. ಬಿಸಿ ಹತ್ತಿದ ರಾಗಿ ಹಿಟ್ಟಿಗೆ ಮುಗ್ಗಲು ವಾಸನೆ ಹೋಗುವುದೇ ಇಲ್ಲ. ಎರಡು ಮೂರು ಬಿಸಿಲಿನ ಮೇಲೆ ಕೋಲಲ್ಲಿ ಬಡಿದು, ಗೋಣಿ ಮೇಲೆ ಉಜ್ಜಿ, ಸಂಜೆ ಗಾಳಿಗೆ ತೂರಿ.

ಹುಲ್ಲು: ಎರಡು ದಿನ ಗದ್ದೆಯಲ್ಲೇ ತೆಳ್ಳಗೆ ಹರಡಿ, ಮಗುಚಿ, ಮೂರನೇ ದಿನ ಸೂಡಿ ಕಟ್ಟಿ. ಕಾಂಡದ ಗೆಣ್ಣು ಉಗುರಲ್ಲಿ ಗೀರಿದರೆ ನೀರು ಬರಬಾರದು, ರಾಗಿ ಹುಲ್ಲಿನಲ್ಲಿ ತೇವ ಕೂತಿರುವುದು ಗೆಣ್ಣಿನಲ್ಲಿ. ಬೈಹುಲ್ಲಿನ ಹಾಗೆ ಅದು ಒಂದೇ ದಿನಕ್ಕೆ ಒಣಗುವುದಿಲ್ಲ. ಹಸಿ ಗೆಣ್ಣಿನ ಹುಲ್ಲಲ್ಲಿ ಕುತ್ರಿ (ಬಣವೆ) ಹಾಕಿದರೆ ಒಳಗೆ ಬೂಸ್ಟು ಬರ್ತದೆ. ಬೂಸ್ಟಿನ ವಿಷ ಹಾಲಿಗೂ ಇಳೀತದೆ, ಗಬ್ಬದ ದನಕ್ಕಂತೂ ಹಾಕಲೇಬಾರದು.

ಕುತ್ರಿ ಮಣ್ಣಿನ ಮೇಲೆ ಹಾಕಬೇಡಿ. ಕಲ್ಲಿನ ಮೇಲೆ ಅಡಿಕೆ ಸಲಾಕೆ ಅಡ್ಡ ಇಟ್ಟು ಒಂದು ಅಡಿ ಎತ್ತರದಿಂದ ಶುರು ಮಾಡಿ. ಪತ್ತನಾಜೆಗೆ (ಮೇ 24ರ ಆಸುಪಾಸಿಗೆ) ಮುಂಚೆ ಮಾಡಿನ ಕೆಳಗೆ ಸಾಗಿಸಿ ಆಗಿರಬೇಕು. ನಮ್ಮ ಮಳೆಗೆ ಟಾರ್ಪಾಲು ನಂಬಬಾರದು.

ಈಗ ನಿಮ್ಮ ಲೆಕ್ಕ. ಮೊದಲ ವರ್ಷ ಹುಳಿ ಮಣ್ಣಲ್ಲಿ 50 ಸೆಂಟ್ಸ್‌ಗೆ 4ರಿಂದ 5 ಕ್ವಿಂಟಲ್ ಕಾಳು, 7ರಿಂದ 8 ಕ್ವಿಂಟಲ್ ಹುಲ್ಲು ಬಂದರೆ ಸಮಾಧಾನ ಪಡಿ. ದಿನಕ್ಕೆ ದನವೊಂದಕ್ಕೆ 6 ಕಿಲೋ ಒಣಹುಲ್ಲು ಎಂದರೆ ಮೂರಕ್ಕೆ 18. ಏಳೂವರೆ ಕ್ವಿಂಟಲ್ 41 ದಿನಕ್ಕೆ ಮುಗೀತದೆ. ಬೈಹುಲ್ಲು ಅರ್ಧ, ಇದು ಅರ್ಧ ಹಾಕಿದರೆ 80 ದಿನ ದಾಟ್ತದೆ. ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ, ದನ ಹೊರಗೆ ಬಿಡಲಾಗದ ದಿನಗಳಿಗೆ ಸರಿಯಾಗ್ತದೆ. ಹಾಗೆ ಮಿಶ್ರ ಮಾಡಿ ಕೊಡುವುದೇ ಒಳ್ಳೆಯದು.

ತೋಡಿನಬದಿ
ಬೈಹುಲ್ಲಿಗಿಂತ ಇದು ಯಾಕೆ ಮೇಲು ಎಂದೂ ಹೇಳಿ ಅಕ್ಕ. ಕೆಲವರಿಗೆ ಹುಲ್ಲು ಎಲ್ಲ ಒಂದೇ.

ಹಟ್ಟಿಗೊಬ್ಬರ
ಬೈಹುಲ್ಲಲ್ಲಿ ಮರಳಿನಂಥ ಸಿಲಿಕಾ ಜಾಸ್ತಿ, ಜೀರ್ಣ ನಿಧಾನ. ಅದರ ಆಕ್ಸಲೇಟು ಕ್ಯಾಲ್ಸಿಯಂ ಹಿಡಿದುಕೊಂಡು ಸಗಣಿಯಲ್ಲಿ ಹೊರಗೆ ಹಾಕ್ತದೆ. ರಾಗಿ ಹುಲ್ಲಿನಲ್ಲಿ ಇವೆರಡೂ ಕಡಿಮೆ, ಕ್ಯಾಲ್ಸಿಯಂ ಹೆಚ್ಚು. ಸಸಾರಜನಕ ಮಾತ್ರ ಎರಡರಲ್ಲೂ ಕಡಿಮೆಯೇ, ನೂರಕ್ಕೆ ಮೂರು ನಾಲ್ಕರ ಆಸುಪಾಸು. ಹಾಗಾಗಿ ರಾಗಿ ಹುಲ್ಲು ಹಾಕ್ತೇವೆ ಎಂದು ಹಿಂಡಿ ನಿಲ್ಲಿಸಬೇಡಿ, ಹಾಲು ಕರೆಯುವ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವೂ ಬೇಕು.

ಒಂದೂವರೆ ಎರಡು ಇಂಚಿಗೆ ಕತ್ತರಿಸಿ ಹಾಕಿ, ಉದ್ದ ಹಾಕಿದರೆ ಎಲೆ ಆಯ್ದು ಕಾಂಡ ಕಾಲಡಿಗೆ ಹಾಕ್ತವೆ. ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಿ.

ಬೆಳ್ಳಗಾಗಿ ಗುಣ ಕೆಟ್ಟ ಹುಲ್ಲು ಉಂಟಾದರೆ ಯೂರಿಯಾ ಉಪಚಾರ ಮಾಡಬಹುದು: 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50–60 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಿದ ಮೇಲೆ ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದೆಸಿ 21 ದಿನ. ತೆಗೆದದ್ದನ್ನು ಒಂದು ಗಂಟೆ ಹರಡಿ ಘಾಟು ಹೋದ ಮೇಲೆ ಹಾಕಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ನೀರಿನ ಬಕೆಟು ಹಟ್ಟಿಯ ಹತ್ತಿರ ಇಡಲೇಬೇಡಿ, ದನ ಒಂದು ಸಲ ಕುಡಿದರೆ ಉಳಿಸುವುದು ಕಷ್ಟ.

ಒಲೆಬದಿ
ಕಾಳಿನ ವಿಷಯಕ್ಕೆ ಬರ್ತೇನೆ. ರಾಗಿ ಹುಳ ಹಿಡಿಯುವುದು ಕಮ್ಮಿ, ಆದರೆ ನಮ್ಮಲ್ಲಿ ಆಟಿ ತಿಂಗಳ ತೇವ ಎಳೆದುಕೊಳ್ತದೆ. ಏಪ್ರಿಲ್ ಬಿಸಿಲಿಗೆ ಎರಡು ದಿನ ಹಾಕಿ, ಸಂಜೆ ಒಳಗೆ ತಂದು ರಾತ್ರಿಯಿಡೀ ತಣಿಸಿ, ಬೆಳಿಗ್ಗೆ ಡ್ರಮ್ಮಿಗೆ ಬಾಯಿಯವರೆಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದಡಿ ಬೆವರಿ ಮೇಲಿನ ನಾಲ್ಕು ಬೆರಳು ಹಾಳಾಗ್ತದೆ. ಹಿಟ್ಟು ಮಳೆಗಾಲದಲ್ಲಿ ಎರಡು ಕಿಲೋಗಿಂತ ಹೆಚ್ಚು ಮಾಡಿಸಬೇಡಿ. ಗಿರಣಿಯಲ್ಲಿ ಮೆಣಸು ಹಾಕಿದ ಕಲ್ಲಿಗೆ ಮೊದಲು ಒಂದು ಸೇರು ಅಕ್ಕಿ ಹಾಕಿಸಿ.

ಮಣ್ಣಿ (ರಾಗಿಯ ಹಾಲುಬಾಯಿ) ಮಾಡುವವರಿಗೆ ಅಳತೆ: ಒಂದು ಲೋಟ ರಾಗಿ ನಾಲ್ಕೈದು ಸಲ ತೊಳೆದು ರಾತ್ರಿ ನೆನೆಸಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿ. ಅರ್ಧ ತೆಂಗಿನಕಾಯಿಯ ಹಾಲು, ಕರಗಿಸಿ ಸೋಸಿದ ಬೆಲ್ಲ ಮುಕ್ಕಾಲು ಲೋಟ, ಚಿಟಿಕೆ ಉಪ್ಪು, ಎಲ್ಲ ಸೇರಿ ನಾಲ್ಕು ಲೋಟ ದ್ರವ ಆಗಬೇಕು. ದಪ್ಪ ತಳದ ಪಾತ್ರೆ, ಸಣ್ಣ ಉರಿ, ಕೈ ಬಿಡದೆ 20–25 ನಿಮಿಷ. ಗಟ್ಟಿಯಾದ ಕೂಡಲೆ ಇಳಿಸುವುದೇ ಎಲ್ಲರ ತಪ್ಪು, ಆಗ ಅದು ಗಟ್ಟಿ ಮಾತ್ರ, ಬೆಂದಿರುವುದಿಲ್ಲ. ಬಣ್ಣ ಮಸುಕು ಕಂದಿನಿಂದ ಹೊಳೆಯುವ ಕಪ್ಪು ಕಂದಿಗೆ ತಿರುಗಿ, ಸೌಟು ಎಳೆದರೆ ತಳ ಕಾಣಿಸಿ, ಒದ್ದೆ ಬೆರಳಿಗೆ ಅಂಟದಿದ್ದರೆ ಆಯಿತು. ಏಲಕ್ಕಿ, ತುಪ್ಪ ಕೊನೆಗೆ, ತುಪ್ಪ ಸವರಿದ ಬಟ್ಟಲಿಗೆ ಸುರಿಯಿರಿ. ಸೋಸಿದ ಚರಟ ಬಿಸಾಡಬೇಡಿ, ಅಕ್ಕಚ್ಚಿಗೆ (ಕಲಗಚ್ಚಿಗೆ) ಹಾಕಿದರೆ ದನ ಬಟ್ಟಲು ನೆಕ್ಕಿ ಬಿಡ್ತದೆ.

ಮೊಳಕೆ ಹಿಟ್ಟು ಮಾರ್ಚ್, ಏಪ್ರಿಲ್‌ನಲ್ಲೇ ಮಾಡಿಟ್ಟುಕೊಳ್ಳಿ. ನಮ್ಮ ಸೆಕೆಗೆ ಬಟ್ಟೆಯಲ್ಲಿ ಕಟ್ಟಿ 24 ಗಂಟೆ ಸಾಕು, ಮೊಳಕೆ ಎಳ್ಳಿನಷ್ಟು ಬಂದರೆ ನಿಲ್ಲಿಸಿ. ಉದ್ದ ಬಿಟ್ಟರೆ ಕಹಿ. ಮಳೆಗಾಲದಲ್ಲಿ ಮಾಡಿದರೆ ಒಣಗುವ ಮೊದಲೇ ಹುಳಿ ವಾಸನೆ ಬರ್ತದೆ, ಮಕ್ಕಳಿಗೆ ಕೊಡುವುದನ್ನು ಹಾಗೆ ಮಾಡಬಾರದು.

ಗುಳಿರಾಗಿ
ತಳಿಯ ಹೆಸರು ಬಂತಲ್ಲ, ಒಂದು ಮಾತು ಸೇರಿಸ್ತೇನೆ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಮಾಡಿದ್ದು ಇಂಡಾಫ್ ತಳಿಗಳು, ಹೆಸರೇ ಅದರಿಂದ ಬಂದದ್ದು. ನಾವು ಹೇಳುವ ಜಿಪಿಯು-28ರ ವಂಶದಲ್ಲೂ ಇಂಡಾಫ್ ಉಂಟು. ಬೇಸಿಗೆಗೆ ಗಿಡ್ಡ ಅವಧಿಯದ್ದು ಬೇಕಾದವರು ಇಂಡಾಫ್-9 ಕೇಳಿ ನೋಡಿ. ಬೀಜಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಸೆಪ್ಟೆಂಬರ್‌ನಲ್ಲೇ ಹೇಳಿಡಿ, ಕರಾವಳಿಯ ಅಂಗಡಿಗಳಲ್ಲಿ ರಾಗಿ ಬಿತ್ತನೆ ಬೀಜ ಯಾವಾಗಲೂ ಇರುವುದಿಲ್ಲ. ದಿನಸಿ ಅಂಗಡಿಯ ರಾಗಿ ತಂದು ಹಾಕಬೇಡಿ, ನಾಲ್ಕು ತಳಿ ಬೆರಕೆಯಾಗಿ ಒಂದೊಂದು ಒಂದೊಂದು ದಿನ ಬಲೀತದೆ.

ಮಜಲುಮನೆ
ಎಲ್ಲ ಬರೆದುಕೊಂಡೆ, ಉಪಕಾರ ಆಯ್ತು. ಕೊನೆಗೆ ಒಂದೇ ಸಂಶಯ: ಫೆಬ್ರವರಿಯಲ್ಲಿ ಕೊಯ್ದ ಮೇಲೆ ಕೂಳೆಯಲ್ಲಿ ಮತ್ತೆ ಚಿಗುರ್ತದಂತೆ. ಅದನ್ನು ಹಸಿ ಮೇವಿಗೆ ಬಿಡಬಹುದಾ?

ಹಟ್ಟಿಗೊಬ್ಬರ
ಬಾವಿಯಲ್ಲಿ ಎರಡು ನೀರಿಗಾಗುವಷ್ಟು ಉಳಿದಿದ್ದರೆ ಬಿಡಿ. ಕೊಯ್ದ ಮರುದಿನ ಒಂದು ನೀರು, ಹತ್ತನೇ ದಿನ ಇನ್ನೊಂದು. 25–30 ದಿನಕ್ಕೆ ಮೊಣಕಾಲೆತ್ತರ ಬರ್ತದೆ, ಕೊಯ್ದು ಅರ್ಧ ದಿನ ಬಾಡಿಸಿ ಒಣಹುಲ್ಲಿನೊಟ್ಟಿಗೆ ಹಾಕಿ. ಚಿಗುರು ಬೇಗ ಬರಲಿ ಎಂದು ಯೂರಿಯಾ ಎರಚಬೇಡಿ. ನೀರು ಕಡಿಮೆ ಇರುವಾಗ ಯೂರಿಯಾ ತಿಂದ ಎಳೆ ಚಿಗುರಿನಲ್ಲಿ ನೈಟ್ರೇಟು ಸೇರಿಕೊಂಡು ದನಕ್ಕೆ ಉಸಿರು ಕಟ್ಟುವ ಅಪಾಯ ಉಂಟು. ದನವನ್ನು ಗದ್ದೆಗೇ ಬಿಟ್ಟು ಮೇಯಿಸುವುದೂ ಬೇಡ, ಒಳಗಾಲುವೆಯ ಅಂಚು ಎಲ್ಲ ತುಳಿದು ಮುಚ್ಚಿಹಾಕ್ತವೆ.

ತೋಡಿನಬದಿ
ಆ ಕಾಲುವೆ ಮೇ ತಿಂಗಳಲ್ಲಿ ನೀವೇ ಮುಚ್ಚಬೇಕಾಗ್ತದೆ ನೋಡಿ. ಏಣೆಲು ಭತ್ತಕ್ಕೆ ನೀರು ನಿಲ್ಲಬೇಕಲ್ಲ. ಬೆಟ್ಟಿನ ಹುಣಿಗೆ ತಾಗಿದ ದೊಡ್ಡ ಕಾಲುವೆ ಮಾತ್ರ ಹಾಗೇ ಬಿಡಿ, ಬಾಯಿಗೆ ಒಂದು ಕಲ್ಲಿನ ತಡೆ ಇಟ್ಟರೆ ಸಾಕು, ಮುಂದಿನ ಅಕ್ಟೋಬರಿಗೆ ತೆಗೆದರಾಯ್ತು.